ತೀವ್ರ ಮಲೇರಿಯಾಕ್ಕೆ ಹೊಸ ಔಷಧ: ತಪ್ಪು ಕಲ್ಪನೆ ಮತ್ತು ಸತ್ಯ

ತೀವ್ರ ಮಲೇರಿಯಾ ಎಂದರೆ ಜ್ವರ ಜೋರಾಗಿ ಬಂದಿರುವ ಮಲೇರಿಯಾ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಜ್ವರ ಎಷ್ಟು ಡಿಗ್ರಿ ಏರಿದೆ ಎಂಬುದಕ್ಕೂ ಈ ಹೆಸರಿಗೂ ಸಂಬಂಧ ಕಡಿಮೆ. ಪ್ರಜ್ಞೆ ತಪ್ಪುವುದು, ಮತ್ತೆ ಮತ್ತೆ ಫಿಟ್ಸ್ ಬರುವುದು, ಉಸಿರಾಟ ಕಷ್ಟವಾಗುವುದು, ರಕ್ತ ತೀರಾ ಇಳಿದುಹೋಗುವುದು, ಮೂತ್ರಪಿಂಡ ಕೆಲಸ ನಿಲ್ಲಿಸುವುದು, ರಕ್ತದ ಸಕ್ಕರೆ ಕುಸಿಯುವುದು ಇಂಥವುಗಳಲ್ಲಿ ಒಂದು ಕಂಡರೂ ಅದು ತೀವ್ರ ಮಲೇರಿಯಾ. ಚಿಕಿತ್ಸೆ ಸಿಗದಿದ್ದರೆ ಬದುಕುವವರು ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26.3 ಕೋಟಿ ಮಲೇರಿಯಾ ಪ್ರಕರಣಗಳಾದವು, 5.97 ಲಕ್ಷ ಜನ ಸತ್ತರು. ಸತ್ತವರಲ್ಲಿ ನೂರಕ್ಕೆ 95 ಮಂದಿ ಆಫ್ರಿಕಾದವರು. ಅವರಲ್ಲಿ ಮುಕ್ಕಾಲು ಪಾಲು ಐದು ವರ್ಷದೊಳಗಿನ ಮಕ್ಕಳು. ಹೊಸ ಔಷಧದ ಹುಡುಕಾಟ ಮುಖ್ಯವಾಗಿ ಈ ಮಕ್ಕಳಿಗಾಗಿ.

ಈ ರೋಗ ಕೊಲ್ಲುವ ಬಗೆ ತಿಳಿಯದೆ ಔಷಧದ ಮಾತು ಅರ್ಥವಾಗುವುದಿಲ್ಲ. ಫಾಲ್ಸಿಪಾರಂ ಎಂಬ ಪರಾವಲಂಬಿ ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆ ಬೆಳೆಯುತ್ತದೆ. ಮೊದಲ ಹದಿನೈದಿಪ್ಪತ್ತು ಗಂಟೆ ಅದು ಉಂಗುರದ ಆಕಾರದಲ್ಲಿರುವ ಎಳೆಯ ಜೀವಿ. ಅದನ್ನು ಹೊತ್ತ ಕಣ ಉಳಿದ ಕಣಗಳಂತೆಯೇ ಹರಿದಾಡುತ್ತಿರುತ್ತದೆ. ಪರಾವಲಂಬಿ ಬಲಿಯುತ್ತಿದ್ದಂತೆ ಕಣದ ಮೈಮೇಲೆ ಸಣ್ಣ ಗುಬುಟುಗಳು ಏಳುತ್ತವೆ. ಅಲ್ಲಿ ಹೊರಚಾಚುವ ಒಂದು ಪ್ರೋಟೀನಿನಿಂದಾಗಿ ಕಣವು ಲೋಮನಾಳಗಳ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಮಿದುಳಿನಲ್ಲಿ ಹೀಗೆ ಸಾವಿರಾರು ನಾಳಗಳು ಕಟ್ಟಿಕೊಂಡಾಗ ಪ್ರಜ್ಞೆ ಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಪರಾವಲಂಬಿ ಕಡಿಮೆ ಕಂಡರೆ ಅಪಾಯವೂ ಕಡಿಮೆ ಎನ್ನುವ ಲೆಕ್ಕಾಚಾರ ಸುಳ್ಳಾಗುವುದು ಇದರಿಂದಲೇ. ಗಾಜಿನ ಪಟ್ಟಿಯ ಮೇಲೆ ಕಾಣುವುದು ಹರಿದಾಡುತ್ತಿರುವವು ಮಾತ್ರ, ಅಂಟಿ ಕೂತವು ಕಾಣುವುದಿಲ್ಲ.

ವೈವಾಕ್ಸ್ ಎಂಬ ಇನ್ನೊಂದು ಪರಾವಲಂಬಿಯಿಂದ ಬರುವ ಮಲೇರಿಯಾ ನಿರುಪದ್ರವಿ ಎಂಬ ನಂಬಿಕೆಯೂ ಹಳೆಯದು. ಮಂಗಳೂರಿನಲ್ಲಿ ದಶಕಗಳಿಂದ ಕಂಡುಬಂದ ಮಲೇರಿಯಾದಲ್ಲಿ ವೈವಾಕ್ಸ್‌ನದೇ ಮೇಲುಗೈ, ಹಾಗಾಗಿ ಕರಾವಳಿಯ ಓದುಗರಿಗೆ ಈ ಮಾತು ದೂರದ್ದಲ್ಲ. ಫಾಲ್ಸಿಪಾರಂಗಿಂತ ಅದು ಸೌಮ್ಯ ಎಂಬುದು ನಿಜ. ಆದರೆ ರಾಜಸ್ಥಾನದ ಬಿಕಾನೇರ್ ಸೇರಿದಂತೆ ಹಲವು ಕಡೆ ಕೇವಲ ವೈವಾಕ್ಸ್ ಇದ್ದ ರೋಗಿಗಳೂ ತೀವ್ರ ಸ್ಥಿತಿಗೆ ತಲುಪಿದ್ದು ದಾಖಲಾಗಿದೆ. ಆಗ ಕೊಡುವ ಚಿಕಿತ್ಸೆಯೂ ಫಾಲ್ಸಿಪಾರಂನದ್ದೇ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು "ಮಲೇರಿಯಾಕ್ಕೆ ಔಷಧ ಇದ್ದೇ ಇದೆಯಲ್ಲ, ಇನ್ನೂ ಹುಡುಕುವುದೇಕೆ?" ಎಂಬ ಪ್ರಶ್ನೆ. ಔಷಧ ಇದೆ, ಒಳ್ಳೆಯದೇ ಇದೆ. 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೇ ಮತ್ತು ಕಾವಂತೂ ಸಿಂಕೋನಾ ತೊಗಟೆಯಿಂದ ಬೇರ್ಪಡಿಸಿದ ಕ್ವಿನೈನ್ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ತೀವ್ರ ಮಲೇರಿಯಾದ ಮುಖ್ಯ ಆಸರೆಯಾಗಿತ್ತು. ಅದರ ಜಾಗಕ್ಕೆ ಬಂದದ್ದು ಆರ್ಟೆಸುನೇಟ್ ಇಂಜೆಕ್ಷನ್. ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್ ಮತ್ತು ಇಂಡೊನೇಷ್ಯಾದ 1461 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ವಿನೈನ್ ಪಡೆದವರಲ್ಲಿ ಶೇ. 22, ಆರ್ಟೆಸುನೇಟ್ ಪಡೆದವರಲ್ಲಿ ಶೇ. 15 ಮಂದಿ ಸತ್ತರು. 2010ರಲ್ಲಿ ಆಫ್ರಿಕಾದ 5425 ಮಕ್ಕಳ ಪ್ರಯೋಗ ಹೊರಬಂತು; ಅಲ್ಲಿ ಸಾವಿನ ಪ್ರಮಾಣ ಶೇ. 10.9ರಿಂದ 8.5ಕ್ಕೆ ಇಳಿದಿತ್ತು. ಈ ಎರಡು ಪ್ರಯೋಗಗಳು ಉಳಿಸಿದ ಜೀವಗಳು ಅಸಂಖ್ಯ. ಆದರೂ ಅತ್ಯುತ್ತಮ ಔಷಧ ಕೊಟ್ಟ ಮೇಲೂ ನೂರು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳು ಉಳಿಯಲಿಲ್ಲ ಎಂಬ ಸಂಗತಿ ಅದೇ ಅಂಕಿಯೊಳಗಿದೆ.

ಆರ್ಟೆಸುನೇಟ್ ಗೆದ್ದದ್ದು ಎಳೆಯ, ಉಂಗುರದಾಕಾರದ ಪರಾವಲಂಬಿಗಳನ್ನೇ ಕೊಲ್ಲುವುದರಿಂದ. ಬಲಿತು ನಾಳಗಳಿಗೆ ಅಂಟಿಕೊಳ್ಳುವ ಮೊದಲೇ ಅವು ಸಾಯುತ್ತವೆ. ಕ್ವಿನೈನ್ ಹೆಚ್ಚಾಗಿ ಬಲಿತವುಗಳ ಮೇಲೆ ಕೆಲಸ ಮಾಡುತ್ತದೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಈಗಿನ ಆತಂಕ ಹುಟ್ಟಿರುವುದೂ ಇದೇ ಜಾಗದಲ್ಲಿ. ಕಾಂಬೋಡಿಯಾದ ಪಶ್ಚಿಮ ಭಾಗದಲ್ಲಿ 2008ರ ಹೊತ್ತಿಗೆ ಪರಾವಲಂಬಿಗಳು ಆರ್ಟೆಸುನೇಟ್‌ಗೆ ನಿಧಾನವಾಗಿ ಕರಗುವುದು ಗಮನಕ್ಕೆ ಬಂತು. ಕೆಲ್ಚ್-13 ಎಂಬ ಜೀನಿನ ಬದಲಾವಣೆ ಇದಕ್ಕೆ ಕಾರಣವೆಂದು 2014ರಲ್ಲಿ ತಿಳಿಯಿತು. ಆ ಬದಲಾವಣೆಯಿಂದ ಬಲ ಪಡೆಯುವುದು ಉಂಗುರದ ಹಂತವೇ. ರುವಾಂಡಾ, ಉಗಾಂಡಾ, ಎರಿಟ್ರಿಯಾಗಳಲ್ಲೂ ಇಂಥ ತಳಿಗಳು ಈಗ ನೆಲೆಯೂರಿವೆ. ಹಾಗೆಂದು ಆರ್ಟೆಸುನೇಟ್ ಕೆಲಸ ಮಾಡುವುದನ್ನೇ ನಿಲ್ಲಿಸಿದೆ ಎಂದು ಹಬ್ಬುವ ಮಾತೂ ತಪ್ಪು. ಇದು ಭಾಗಶಃ ನಿರೋಧಕತೆ. ತೀವ್ರ ಮಲೇರಿಯಾಕ್ಕೆ ಇಂದಿಗೂ ಮೊದಲ ಆಯ್ಕೆ ಅದೇ. ಅದು ಕೈಬಿಟ್ಟರೆ ಅಷ್ಟೇ ಸಮರ್ಥವಾದ ಇನ್ನೊಂದು ಔಷಧ ಕೈಯಲ್ಲಿಲ್ಲ ಎಂಬುದು ನಿಜವಾದ ಚಿಂತೆ.

ಮಲೇರಿಯಾದ ಯಾವ ಹೊಸ ಮಾತ್ರೆ ಬಂದರೂ ತೀವ್ರ ಮಲೇರಿಯಾಕ್ಕೂ ಆಯಿತು ಎಂದುಕೊಳ್ಳುವುದು ಸಹಜ. ಆದರೆ ಪ್ರಜ್ಞೆಯಿಲ್ಲದ ಮಗು ಮಾತ್ರೆ ನುಂಗಲಾರದು, ನುಂಗಿಸಿದರೂ ವಾಂತಿಯಾಗುತ್ತದೆ. ಆದ್ದರಿಂದ ಔಷಧ ನೀರಿನಲ್ಲಿ ಕರಗಬೇಕು, ರಕ್ತನಾಳಕ್ಕೆ ಕೊಡುವಂತಿರಬೇಕು, ಗಂಟೆಗಳ ಲೆಕ್ಕದಲ್ಲಿ ಪರಾವಲಂಬಿಗಳನ್ನು ಇಳಿಸಬೇಕು. ಮೂತ್ರಪಿಂಡ ಸೋತ, ರಕ್ತ ಆಮ್ಲೀಯವಾದ ದೇಹದಲ್ಲೂ ಅದು ವಿಷವಾಗಬಾರದು. ಕ್ವಿನೈನ್ ಇಲ್ಲಿ ಎಡವುತ್ತಿತ್ತು, ಅದು ಇನ್ಸುಲಿನ್ ಹೆಚ್ಚಿಸಿ ಮೊದಲೇ ಕುಸಿದ ಸಕ್ಕರೆಯನ್ನು ಇನ್ನಷ್ಟು ಇಳಿಸುತ್ತದೆ. ಆರ್ಟೆಸುನೇಟ್‌ಗೂ ತನ್ನ ತೊಡಕುಗಳಿವೆ. ದ್ರಾವಣವಾಗಿ ಇಟ್ಟರೆ ಕೆಡುವುದರಿಂದ ಅದು ಪುಡಿಯ ರೂಪದಲ್ಲಿ ಬರುತ್ತದೆ, ಕೊಡುವ ಹೊತ್ತಿಗೇ ಕಲಸಬೇಕು. ಕೆಲವರಲ್ಲಿ ಗುಣವಾದ ಒಂದೆರಡು ವಾರಗಳ ನಂತರ ರಕ್ತಕಣಗಳು ಒಡೆದು ರಕ್ತಹೀನತೆ ಕಾಣಿಸುತ್ತದೆ.

ಹಳೆಯ ಗ್ರಂಥ ತೆರೆದರೆ ಔಷಧ ಸಿಗುತ್ತದೆ ಎಂಬ ನಂಬಿಕೆಗೆ ಆರ್ಟೆಸುನೇಟ್‌ನ ಮೂಲವಸ್ತುವಾದ ಆರ್ಟೆಮಿಸಿನಿನ್ ಕಥೆಯೇ ಆಧಾರ. ಚೀನಾದಲ್ಲಿ 1967ರ ಮೇ 23ರಂದು ಆರಂಭವಾದ 523 ಯೋಜನೆಯಲ್ಲಿ ಹಲವು ಸಂಸ್ಥೆಗಳ ನೂರಾರು ವಿಜ್ಞಾನಿಗಳು ದುಡಿದರು. ಟು ಯೂಯೂ ಅವರ ತಂಡ ಪಾರಂಪರಿಕ ವೈದ್ಯದ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿತ್ತು. ಅವುಗಳಲ್ಲಿ ಒಂದಾದ ಚಿಂಗ್‌ಹಾವ್‌ನ ಕಷಾಯ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಗ ಹೊಂಗ್ ತನ್ನ ಕೈಪಿಡಿಯಲ್ಲಿ ಆ ಸೊಪ್ಪನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಲು ಹೇಳಿದ್ದು ಟು ಯೂಯೂ ಅವರಿಗೆ ಸುಳಿವಾಯಿತು: ಬಿಸಿ ಮಾಡಿದರೆ ಸತ್ತ್ವ ನಾಶವಾಗುತ್ತಿರಬಹುದು. 1971ರಲ್ಲಿ ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ತೆಗೆದ ಸಾರ ಇಲಿಗಳಲ್ಲಿ ಪೂರ್ಣವಾಗಿ ಕೆಲಸ ಮಾಡಿತು. 2015ರ ನೊಬೆಲ್ ಬಂದದ್ದು ಇದಕ್ಕೆ. ಗ್ರಂಥ ಕೊಟ್ಟದ್ದು ಸುಳಿವನ್ನು, ಔಷಧವನ್ನು ಕೊಟ್ಟದ್ದು ಪ್ರಯೋಗಾಲಯ. ಆರ್ಟೆಮಿಸಿನಿನ್ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಇಂದು ರಕ್ತನಾಳಕ್ಕೆ ಕೊಡುವ ಆರ್ಟೆಸುನೇಟ್ ರಸಾಯನಶಾಸ್ತ್ರಜ್ಞರು ಅದನ್ನು ಮಾರ್ಪಡಿಸಿ ರೂಪಿಸಿದ ಸಂಯುಕ್ತ. ಆ ಗಿಡದ ಎಲೆಯ ಚಹಾ ಕುಡಿದರೆ ಸಾಕೆಂಬ ಪ್ರಚಾರ ಅಪಾಯಕಾರಿ. ಅದರಲ್ಲಿ ಔಷಧದ ಪ್ರಮಾಣ ಕಡಿಮೆ, ಬಟ್ಟಲಿನಿಂದ ಬಟ್ಟಲಿಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೆಂಬಲಿಸುವುದಿಲ್ಲ.

"ಪ್ರಯೋಗಾಲಯದಲ್ಲಿ ಮಲೇರಿಯಾ ಕೊಲ್ಲುವ ವಸ್ತು ಪತ್ತೆ" ಎಂಬ ಸುದ್ದಿ ಬಂದಾಗ ಔಷಧವೇ ಸಿಕ್ಕಿತೆಂದು ಓದುಗರು ತಿಳಿಯುತ್ತಾರೆ. ಪರಾವಲಂಬಿಯನ್ನು ಕೊಲ್ಲುವ ವಸ್ತುಗಳಿಗೆ ಬರವಿಲ್ಲ. 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಫಾಲ್ಸಿಪಾರಂ ಅನ್ನು ಮಾನವ ರಕ್ತಕಣಗಳಲ್ಲಿ ನಿರಂತರವಾಗಿ ಬೆಳೆಸುವ ವಿಧಾನ ಕಂಡುಕೊಂಡ ಮೇಲೆ ಈ ಪರೀಕ್ಷೆ ಸುಲಭವಾಯಿತು. ಗ್ಲಾಕ್ಸೊಸ್ಮಿತ್‌ಕ್ಲೈನ್ ಕಂಪನಿ ಸುಮಾರು 20 ಲಕ್ಷ ರಾಸಾಯನಿಕಗಳನ್ನು ಹೀಗೆ ಸೋಸಿ, ಬೆಳವಣಿಗೆ ತಡೆಯುವ ಹದಿಮೂರು ಸಾವಿರಕ್ಕೂ ಹೆಚ್ಚಿನವುಗಳ ಪಟ್ಟಿಯನ್ನು 2010ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಆ ಸಾವಿರಾರು ವಸ್ತುಗಳಲ್ಲಿ ರೋಗಿಯ ಹಾಸಿಗೆಯವರೆಗೆ ಬರಬಲ್ಲವು ಬೆರಳೆಣಿಕೆಯವು.

ಬೆಂಗಳೂರಿನಲ್ಲೇ ನಡೆದ ಒಂದು ಸಂಶೋಧನೆ ಈ ದಾರಿ ಎಷ್ಟು ಕಠಿಣ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಟೂತ್‌ಪೇಸ್ಟ್, ಸೋಪುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಮಲೇರಿಯಾ ಪರಾವಲಂಬಿಯನ್ನು ತಡೆಯುತ್ತದೆಂದು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ್ ಸುರೋಲಿಯಾ 2001ರಲ್ಲಿ ತೋರಿಸಿದರು. ಇಲಿಗಳೂ ಗುಣವಾದವು. ಪರಾವಲಂಬಿ ಕೊಬ್ಬಿನಾಮ್ಲ ತಯಾರಿಸಲು ಬಳಸುವ, ಮನುಷ್ಯರಲ್ಲಿ ಆ ರೂಪದಲ್ಲಿ ಇಲ್ಲದ ಒಂದು ಕಿಣ್ವವನ್ನು ಅದು ಕಟ್ಟಿಹಾಕುತ್ತದೆ ಎಂಬ ವಿವರಣೆ ಜಗತ್ತಿನ ಗಮನ ಸೆಳೆಯಿತು. ಕೆಲವು ವರ್ಷಗಳ ನಂತರ ಬೇರೆ ತಂಡಗಳು ಆ ಕಿಣ್ವದ ಜೀನನ್ನೇ ತೆಗೆದುಹಾಕಿ ನೋಡಿದಾಗ ಪರಾವಲಂಬಿ ರಕ್ತದಲ್ಲಿ ಎಂದಿನಂತೆ ಬೆಳೆಯಿತು. ಅದಕ್ಕೆ ಆ ಕಿಣ್ವ ಬೇಕಾಗಿದ್ದದ್ದು ರಕ್ತಕ್ಕೆ ಬರುವ ಮೊದಲಿನ ಯಕೃತ್ತಿನ ಹಂತದ ಕೊನೆಯಲ್ಲಿ. ತೀವ್ರ ಮಲೇರಿಯಾ ರಕ್ತದ ಹಂತದ ರೋಗವಾದ್ದರಿಂದ ಆ ಗುರಿ ಅದರ ಮಟ್ಟಿಗೆ ಕೈಬಿಟ್ಟಿತು. ಆದರೂ ಆ ಕೆಲಸ ವ್ಯರ್ಥವಾಗಲಿಲ್ಲ. ಪರಾವಲಂಬಿಯ ಜೀವಕ್ರಿಯೆಯ ಒಂದು ದೊಡ್ಡ ಅಧ್ಯಾಯ ತೆರೆದುಕೊಂಡದ್ದು ಆ ಪ್ರಶ್ನೆಯಿಂದಲೇ.

ಇಲಿ ಬದುಕಿದರೆ ಮನುಷ್ಯ ಬದುಕುತ್ತಾನೆ ಎನ್ನಲೂ ಆಗದು. ಮಿದುಳಿನ ಮಲೇರಿಯಾದ ಅಧ್ಯಯನಕ್ಕೆ ಹೆಚ್ಚಾಗಿ ಬಳಸುವುದು ಬರ್ಘೈ ಎಂಬ, ಇಲಿಜಾತಿಯ ಪ್ರಾಣಿಗಳ ಮಲೇರಿಯಾವನ್ನು. ಅಲ್ಲಿ ಮಿದುಳಿಗೆ ಹಾನಿ ಮಾಡುವುದರಲ್ಲಿ ಪ್ರಾಣಿಯ ರೋಗನಿರೋಧಕ ಕಣಗಳ ಪಾಲು ದೊಡ್ಡದು, ಮನುಷ್ಯರಲ್ಲಿ ನಾಳಗಳಿಗೆ ಅಂಟಿದ ಪರಾವಲಂಬಿಗಳ ಪಾಲು ದೊಡ್ಡದು. ಹುಳುಕಡ್ಡಿಗೆ ಕೊಡುವ ಗ್ರೈಸಿಯೋಫಲ್ವಿನ್ ಮಾತ್ರೆ ಇಲಿಗಳನ್ನು ಮಿದುಳಿನ ಮಲೇರಿಯಾದಿಂದ ಕಾಪಾಡಿದ್ದನ್ನು ಭುವನೇಶ್ವರದ ಜೀವವಿಜ್ಞಾನ ಸಂಸ್ಥೆಯ ತಂಡ 2022ರಲ್ಲಿ ವರದಿ ಮಾಡಿತು. ಹಳೆಯ, ಅಗ್ಗದ, ಸುರಕ್ಷತೆ ಗೊತ್ತಿರುವ ಔಷಧವಾದ್ದರಿಂದ ಇದು ಆಸೆ ಹುಟ್ಟಿಸುವ ಫಲಿತಾಂಶ, ಆದರೆ ರೋಗಿಗಳಲ್ಲಿ ಪರೀಕ್ಷೆಯಾಗುವವರೆಗೆ ಅದನ್ನು ಚಿಕಿತ್ಸೆ ಎನ್ನುವಂತಿಲ್ಲ.

ಪರಾವಲಂಬಿ ಸತ್ತಿತು, ರೋಗಿ ಉಳಿದ ಎಂಬ ಸಮೀಕರಣವೂ ನಿಲ್ಲುವುದಿಲ್ಲ. ಮಲಾವಿಯ ಮಕ್ಕಳ ಎಂಆರ್‌ಐ ಅಧ್ಯಯನ 2015ರಲ್ಲಿ ಪ್ರಕಟವಾಯಿತು; ಮಿದುಳಿನ ಮಲೇರಿಯಾದಿಂದ ಸತ್ತ 25 ಮಕ್ಕಳಲ್ಲಿ 21 ಮಕ್ಕಳ ಮಿದುಳು ಆಸ್ಪತ್ರೆಗೆ ಬಂದಾಗಲೇ ವಿಪರೀತ ಊದಿಕೊಂಡಿತ್ತು. ಈ ಊತವನ್ನು, ಅಂಟಿದ ಕಣಗಳನ್ನು, ದೇಹದ ಉರಿಯೂತವನ್ನು ಗುರಿಯಾಗಿಸುವ ಪೂರಕ ಚಿಕಿತ್ಸೆಗಳಿಗೂ ಅದಕ್ಕಾಗಿಯೇ ಹುಡುಕಾಟ ನಡೆದಿದೆ. ಅದರ ಇತಿಹಾಸ ಮಾತ್ರ ನೋವಿನದು. ಊತಕ್ಕೆ ಸ್ಟೀರಾಯ್ಡ್ ಕೊಡುವುದು ತರ್ಕಬದ್ಧವಾಗಿ ಕಾಣುತ್ತಿತ್ತು; 1982ರ ಥಾಯ್ಲೆಂಡ್ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್ ಪಡೆದವರು ಇನ್ನೂ ಹೆಚ್ಚು ಹೊತ್ತು ಪ್ರಜ್ಞಾಹೀನರಾಗಿದ್ದರು. ಕೀನ್ಯಾದಲ್ಲಿ ಫಿನೊಬಾರ್ಬಿಟೋನ್ ಫಿಟ್ಸ್ ತಡೆಯಿತು, ಆದರೆ ಶೇ. 8ರಷ್ಟಿದ್ದ ಸಾವು ಶೇ. 18ಕ್ಕೆ ಏರಿತು. ರಕ್ತಸಂಚಾರ ಕುಗ್ಗಿದ, ಜ್ವರಪೀಡಿತ ಮಕ್ಕಳಿಗೆ ರಭಸವಾಗಿ ಡ್ರಿಪ್ ಹಾಕುವುದೂ ಸಾವನ್ನು ಹೆಚ್ಚಿಸುತ್ತದೆಂದು ಪೂರ್ವ ಆಫ್ರಿಕಾದ 3141 ಮಕ್ಕಳ ಪ್ರಯೋಗ 2011ರಲ್ಲಿ ತೋರಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು. ಒಳ್ಳೆಯ ಉದ್ದೇಶ ಮತ್ತು ಒಳ್ಳೆಯ ತರ್ಕ ಎರಡೂ ಇದ್ದಾಗಲೂ ಪ್ರಯೋಗ ಮಾಡಿಯೇ ತಿಳಿಯಬೇಕಾದ ರೋಗ ಇದು.

ಆರ್‌ಟಿಎಸ್,ಎಸ್ ಮತ್ತು ಆರ್21 ಲಸಿಕೆಗಳಿಗೆ 2021 ಮತ್ತು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ದೊರೆತ ಮೇಲೆ ಔಷಧದ ಅಗತ್ಯ ಮುಗಿಯಿತು ಎನ್ನುವವರಿದ್ದಾರೆ. ಅವು ರೋಗವನ್ನು ಗಣನೀಯವಾಗಿ ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ಈಗಾಗಲೇ ಪ್ರಜ್ಞೆ ಕಳೆದುಕೊಂಡಿರುವ ಮಗುವಿಗೆ ಲಸಿಕೆಯಿಂದ ಉಪಯೋಗವೂ ಇಲ್ಲ.

ಅಭ್ಯರ್ಥಿ ಔಷಧ ಹೇಗೆ ಮುಂದೆ ಸಾಗುತ್ತದೆ ಎಂಬುದಕ್ಕೆ ಸಿಪಾರ್ಗಾಮಿನ್ ಒಳ್ಳೆಯ ಉದಾಹರಣೆ. ಸಿಂಗಪುರದ ನೊವಾರ್ಟಿಸ್ ಉಷ್ಣವಲಯ ರೋಗಗಳ ಸಂಸ್ಥೆಯ ನೇತೃತ್ವದ ತಂಡ ಸುಮಾರು 12,000 ವಸ್ತುಗಳನ್ನು ಸೋಸಿದಾಗ ಸಿಕ್ಕ ಒಂದು ಎಳೆಯನ್ನು ತಿದ್ದಿ ತೀಡಿ 2010ರಲ್ಲಿ ಇದನ್ನು ಜಗತ್ತಿಗೆ ತಿಳಿಸಿತು. ಪರಾವಲಂಬಿ ತನ್ನೊಳಗೆ ನುಗ್ಗುವ ಸೋಡಿಯಂ ಅನ್ನು ಹೊರಹಾಕಲು ಬಳಸುವ ಪಂಪನ್ನು ಇದು ನಿಲ್ಲಿಸುತ್ತದೆ. ಎಳೆಯ ಹಂತದ ಮೇಲೂ ಕೆಲಸ ಮಾಡುತ್ತದೆ. 2014ರ ಥಾಯ್ಲೆಂಡ್ ಪ್ರಯೋಗದಲ್ಲಿ ಸಾಧಾರಣ ಮಲೇರಿಯಾ ರೋಗಿಗಳ ರಕ್ತದಿಂದ ಪರಾವಲಂಬಿಗಳು ಸರಾಸರಿ 12 ಗಂಟೆಗಳಲ್ಲಿ ಮಾಯವಾದವು. ಯಕೃತ್ತಿನ ಮೇಲಿನ ಪರಿಣಾಮದ ಬಗ್ಗೆ ಸಂಶಯ ಎದ್ದಾಗ ಅದನ್ನೇ ಪರಿಶೀಲಿಸಲು ಆಫ್ರಿಕಾದಲ್ಲಿ ಬೇರೆ ಅಧ್ಯಯನ ನಡೆಯಿತು. ಆಮೇಲಷ್ಟೇ ರಕ್ತನಾಳಕ್ಕೆ ಕೊಡುವ ರೂಪ ತೀವ್ರ ಮಲೇರಿಯಾ ರೋಗಿಗಳ ಪ್ರಯೋಗಕ್ಕೆ ಬಂತು.

ಇಷ್ಟು ವರ್ಷ ಹಿಡಿಯುವುದು ಕಂಪನಿಗಳ ಅಲಕ್ಷ್ಯದಿಂದ ಮಾತ್ರ ಎನ್ನುವುದು ಅರ್ಧಸತ್ಯ. ಬಡವರ ರೋಗಕ್ಕೆ ಲಾಭವಿಲ್ಲ ಎಂಬ ಕೊರತೆ ತುಂಬಲೆಂದೇ 1999ರಲ್ಲಿ ಜಿನೀವಾದಲ್ಲಿ ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅದು 400 ಆಯ್ದ ಸಂಯುಕ್ತಗಳ ಪೆಟ್ಟಿಗೆಯನ್ನು ಸಂಶೋಧಕರಿಗೆ ಉಚಿತವಾಗಿ ಹಂಚಿದೆ. ಉಳಿದ ವಿಳಂಬ ರೋಗದ ಸ್ವರೂಪದ್ದು. ಹೊಸ ಔಷಧವನ್ನು ಮೊದಲು ಆರೋಗ್ಯವಂತ ಸ್ವಯಂಸೇವಕರಿಗೆ, ನಂತರ ಸಾಧಾರಣ ಮಲೇರಿಯಾ ಇರುವ ವಯಸ್ಕರಿಗೆ, ಆಮೇಲೆ ಮಕ್ಕಳಿಗೆ ಕೊಟ್ಟು ನೋಡಿಯೇ ಸಾವಿನಂಚಿನ ಮಗುವಿನ ಬಳಿ ತರಬೇಕು. ಪರಾವಲಂಬಿಗಳು ಎಷ್ಟು ಬೇಗ ಇಳಿದವು ಎಂಬುದನ್ನು ಕೆಲವೇ ನೂರು ರೋಗಿಗಳಲ್ಲಿ ಅಳೆಯಬಹುದು. ಸಾವು ಕಡಿಮೆಯಾಯಿತೇ ಎಂದು ತಿಳಿಯಲು ಆರ್ಟೆಸುನೇಟ್‌ಗೆ 5425 ಮಕ್ಕಳು ಬೇಕಾದರು, ಅದೂ ದುರ್ಬಲವಾದ ಕ್ವಿನೈನ್ ವಿರುದ್ಧ. ಮುಂದಿನ ಅಭ್ಯರ್ಥಿ ಸೆಣಸಬೇಕಿರುವುದು ಆರ್ಟೆಸುನೇಟ್‌ನೊಂದಿಗೆ.