ನಿಂಬೆಹಣ್ಣಿನ ಬ್ಯಾಟರಿಯೂ ಬೇಲಿ ತಂತಿಯ ಗಂಟೂ

ಮಳೆಗಾಲದಲ್ಲಿ ನಾಪೋಕ್ಲು ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಯಾರೂ ಕೇಳೋದಿಲ್ಲ. ಎಲ್ಲೋ ಮರ ಬಿದ್ದಿರುತ್ತೆ, ಇಲ್ಲ ಕಾವೇರಿ ರಸ್ತೆ ಮೇಲೆ ಬಂದಿರುತ್ತೆ. ಅಂಥದ್ದೇ ಒಂದು ಸಂಜೆ ಮಗಳು, "ಅಪ್ಪಾ, ನಿಂಬೆಹಣ್ಣಲ್ಲಿ ಲೈಟ್ ಉರಿಸಬಹುದಂತೆ, ಮಾಡೋಣ್ವಾ?" ಅಂದಳು. ಬೇರೆ ಕೆಲಸವೂ ಇರಲಿಲ್ಲ, ಕೂತೆವು.

ಬೇಕಾದ್ದೆಲ್ಲ ಮನೆಯಲ್ಲೇ ಇತ್ತು. ಜಿಂಕ್ ಲೇಪದ ಮೊಳೆ, ವೈರಿಂಗ್ ಮಾಡಿ ಉಳಿದ ತಾಮ್ರದ ತಂತಿ, ಕೆಟ್ಟ ಚಾರ್ಜರ್‌ನಿಂದ ಕಿತ್ತ ಪುಟ್ಟ ಕೆಂಪು ಎಲ್‌ಇಡಿ. ನಿಂಬೆಯನ್ನು ಅಂಗೈಯಲ್ಲಿ ಒತ್ತಿ ಉರುಳಿಸಿ, ಒಳಗೆ ರಸ ಬಿಡಿಸಿ, ಒಂದು ಬದಿಗೆ ಮೊಳೆ, ಇನ್ನೊಂದು ಬದಿಗೆ ತಾಮ್ರ ಚುಚ್ಚಿ. ಒಳಗೆ ಅವೆರಡೂ ಒಂದಕ್ಕೊಂದು ತಾಗಬಾರದು. ಒಂದು ಹಣ್ಣಿಗೆ ಸುಮಾರು 0.9 ವೋಲ್ಟ್ ಸಿಗುತ್ತೆ. ಕೆಂಪು ಎಲ್‌ಇಡಿಗೆ 1.8 ವೋಲ್ಟ್ ಹತ್ತಿರ ಬೇಕು, ಆದ್ದರಿಂದ ಒಂದರಲ್ಲಿ ಏನೂ ಆಗಲಿಲ್ಲ. ಒಂದರ ತಾಮ್ರವನ್ನು ಮುಂದಿನದರ ಮೊಳೆಗೆ ಕಟ್ಟುತ್ತಾ ನಾಲ್ಕು ಹಣ್ಣು ಸಾಲಾಗಿ ಸೇರಿಸಿ, ಎಲ್‌ಇಡಿಯ ಉದ್ದ ಕಾಲನ್ನು ತಾಮ್ರದ ತುದಿಗೆ, ಗಿಡ್ಡ ಕಾಲನ್ನು ಮೊಳೆಯ ತುದಿಗೆ ಹಿಡಿದಾಗ ಕತ್ತಲೆಯಲ್ಲಿ ಮಿಣುಕು ಕಂಡಿತು. ಹಠಕ್ಕೆ ಬಿದ್ದು ಬಟ್ಟಲಲ್ಲಿ ಕಾಚಂಪುಳಿ ಹಾಕಿಯೂ ನೋಡಿದೆವು. ಅದೂ ಕೆಲಸ ಮಾಡುತ್ತೆ, ಆದರೆ ಪಂದಿ ಕರಿಗೆ ಇಟ್ಟಿದ್ದನ್ನು ಹಾಳು ಮಾಡಿದ್ದಕ್ಕೆ ಇಬ್ಬರಿಗೂ ಬೈಗುಳ ಸಿಕ್ಕಿತು. ಮೊಳೆ ಚುಚ್ಚಿದ ಹಣ್ಣನ್ನು ಪಾನಕಕ್ಕೆ ಬಳಸಬೇಡಿ, ಸತು ಕರಗಿರುತ್ತೆ.

ಇದರಿಂದ ಮೊಬೈಲ್ ಚಾರ್ಜ್ ಮಾಡಬಹುದು ಅನ್ನುವ ವಿಡಿಯೋಗಳನ್ನು ಮಾತ್ರ ನಂಬಬೇಡಿ. ಹಣ್ಣಿನ ಸಾಲಿನಿಂದ 1 ಮಿಲಿಆಂಪ್ ಬಂದರೆ ಹೆಚ್ಚು. 5000 ಮಿಲಿಆಂಪ್-ಅವರ್‌ನ ಮೊಬೈಲ್ ಬ್ಯಾಟರಿ ತುಂಬೋಕೆ 5000 ಗಂಟೆ, ಅಂದರೆ 200 ದಿನಕ್ಕೂ ಜಾಸ್ತಿ. ಅಷ್ಟರಲ್ಲಿ ಕಾಫಿ ಹೂ ಬಿಟ್ಟು ಕಾಯಿ ಕಟ್ಟಿರುತ್ತೆ.

ನನಗೆ ಉಪಯೋಗಕ್ಕೆ ಬಂದದ್ದು ಮರುದಿನ ಕಂಡ ಸಂಗತಿ. ಕಿತ್ತ ಮೊಳೆ ಕಪ್ಪಾಗಿ, ಲೇಪ ತಿಂದುಹೋಗಿತ್ತು. ತಾಮ್ರ ಹಾಗೇ ಇತ್ತು. ಕರೆಂಟ್ ಬರೋದು ನಿಂಬೆಯಿಂದಲ್ಲ, ಸತು ಕರಗೋದರಿಂದ. ಹುಳಿ ಬರೀ ದಾರಿ ಮಾಡಿಕೊಡುತ್ತೆ. 1800ರಲ್ಲಿ ಇಟಲಿಯ ವೋಲ್ಟಾ ತಾಮ್ರ, ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ತುಂಡು ಇಟ್ಟು ಮಾಡಿದ್ದೂ ಇದನ್ನೇ.

ಈ ಮೊಳೆಯನ್ನು ನಾನು ಮೊದಲೇ ನೋಡಿದ್ದೆ, ನಮ್ಮ ಸೋಲಾರ್ ಬೇಲಿಯಲ್ಲಿ. ಮಷೀನ್‌ನಿಂದ ಬಂದ ತಾಮ್ರದ ವೈರನ್ನು ಜಿಐ ತಂತಿಗೆ ಸುಮ್ಮನೆ ಸುತ್ತಿ ಗಂಟು ಹಾಕಿದ್ದರು. ಜಿಐ ತಂತಿ ಮೇಲಿರೋದು ಸತುವೇ. ತಾಮ್ರ, ಸತು, ನಡುವೆ ತಿಂಗಳುಗಟ್ಟಲೆ ಮಳೆನೀರು: ಅದು ಬೇಲಿಯಲ್ಲೇ ಕೂತ ಒಂದು ಬ್ಯಾಟರಿ. ಎರಡನೇ ಮಳೆಗಾಲಕ್ಕೆ ಗಂಟು ಪುಡಿಯಾಗಿ, ಮಷೀನ್ ಟಿಕ್ ಟಿಕ್ ಅನ್ನುತ್ತಿದ್ದರೂ ತಂತಿಗೆ ಶಾಕ್ ಹೋಗುತ್ತಿರಲಿಲ್ಲ. ಆನೆ ಬಂದು ಬಾಳೆ ಮುಗಿಸಿ, ಕಾಫಿ ಗಿಡ ತುಳಿದು ಹೋದ ಮೇಲೇ ಗೊತ್ತಾಗಿದ್ದು. ಆಗ ಮಷೀನ್ ಬೈದೆ, ಬ್ಯಾಟರಿ ಬದಲಿಸಿದೆ, ಗಂಟಿನ ಕಡೆ ನೋಡಲಿಲ್ಲ.

ಮುಂಗಾರಿಗೆ ಮೊದಲು ಮಷೀನ್ ಆಫ್ ಮಾಡಿ ಪ್ರತಿ ಜೋಡಣೆ ನೋಡಿ. ಹೊರಗಿನ ಜೋಡಣೆಗೆಲ್ಲ ಜಿಐ ತಂತಿಯನ್ನೇ ಬಳಸಿ. ತಾಮ್ರ ಸೇರಲೇಬೇಕಾದ ಕಡೆ ಮಳೆ ಬೀಳದ ಜಾಗದಲ್ಲಿ ಬೋಲ್ಟ್ ಇರುವ ಕ್ಲಾಂಪ್ ಹಾಕಿ ಬಿಗಿ ಮಾಡಿ. ಅರ್ತ್ ರಾಡ್‌ನ ಜೋಡಣೆಗೂ ಇದೇ ಮಾತು. ಅದು ಮಣ್ಣಿನ ಹತ್ತಿರ ಇರೋದರಿಂದ ಇನ್ನೂ ಬೇಗ ಹೋಗುತ್ತೆ.

ಮಕ್ಕಳಿಗೆ ಇನ್ನೂ ಚೆನ್ನಾಗಿ ಉರಿಸಬೇಕು ಅಂತಿದ್ದರೆ ಸ್ಟೋರಿನಲ್ಲಿರುವ ಮೈಲುತುತ್ತ ಸಾಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೈಲುತುತ್ತದ ನೀರು, ಅದರಲ್ಲಿ ತಾಮ್ರದ ತಂತಿಯ ಸುರುಳಿ. ಅದರೊಳಗೆ ಮೆರುಗು ಹಚ್ಚದ ಸಣ್ಣ ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಉಪ್ಪುನೀರು ಮತ್ತು ಜಿಐ ಶೀಟಿನ ತುಂಡು. ಒಂದಕ್ಕೆ ಸುಮಾರು 1.1 ವೋಲ್ಟ್, ಎರಡು ಸೇರಿಸಿದರೆ ಎಲ್‌ಇಡಿ ಹತ್ತುತ್ತೆ, ನಿಂಬೆಗಿಂತ ಜೋರಾಗಿ. ಇಂಗ್ಲೆಂಡಿನ ಡೇನಿಯಲ್ 1836ರಲ್ಲಿ ಮಾಡಿದ ಸೆಲ್ಲಿನ ನಾಟಿ ರೂಪ ಇದು. ಮೊದಮೊದಲ ತಂತಿ ಕಚೇರಿಗಳು ಇಂಥ ಸೆಲ್ಲುಗಳಿಂದಲೇ ನಡೆಯುತ್ತಿದ್ದವು. ಮೈಲುತುತ್ತ ವಿಷ, ಕೈಗೆ ಗ್ಲೌಸ್ ಇರಲಿ, ಅಡುಗೆ ಪಾತ್ರೆ ಬೇಡ. ಉಳಿದ ನೀರನ್ನು ತೋಡಿಗೆ ಚೆಲ್ಲಿದರೆ ಮೀನು ಸಾಯುತ್ತೆ. ಸುಣ್ಣ ಬೆರೆಸಿ ಬಾವಿಯಿಂದ ದೂರ ಗುಂಡಿಯಲ್ಲಿ ಮುಚ್ಚಿ.

ಬೋರ್ಡೋ ದ್ರಾವಣವನ್ನು ಜಿಐ ಬಕೆಟ್‌ನಲ್ಲಿ ಕಲಸಬಾರದು ಅನ್ನೋದಕ್ಕೂ ಕಾರಣ ಇದೇ. ಸತುವೂ ಕಬ್ಬಿಣವೂ ಕರಗಿ, ಔಷಧಿಯ ತಾಮ್ರ ಬಕೆಟ್ಟಿಗೆ ಅಂಟುತ್ತೆ, ಮೆಣಸಿನ ಬಳ್ಳಿಗೆ ಹೋಗೋದಿಲ್ಲ. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಲ್ಲಿ, 1 ಕೆ.ಜಿ. ಸುಟ್ಟ ಸುಣ್ಣ ಇನ್ನೊಂದು 50 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿದು ಕಲಸಿ. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ಸುಣ್ಣ ಸಾಲದು ಅಂತ, ಹಾಗೇ ಹೊಡೆದರೆ ಎಲೆ ಸುಡುತ್ತೆ. ಇನ್ನಷ್ಟು ಸುಣ್ಣದ ನೀರು ಹಾಕಿ, ಚಾಕು ಉಜ್ಜಿ ಮತ್ತೆ ಅದ್ದಿ ನೋಡಿ.