ಅಮರ್ಜೆಯಿಂದ ಕೃಷ್ಣೆಯ ನಡುಗಡ್ಡೆಗೆ

ಬೆನ್ನಿಗೊಂದು ಗಂಟು ಕಟ್ಟಿಕೊಂಡು, ಊರುಕೇರಿಗಳನ್ನು ಹಿಂದಿಕ್ಕಿ, ಸಮುದ್ರಮಧ್ಯದ ಒಂಟಿ ದ್ವೀಪಗಳನ್ನು ಅರಸಿ ಹೊರಡುವ ಹವ್ಯಾಸವು ಯುರೋಪಿನವರಲ್ಲಿ ಬಲವಾಗಿ ಬೇರೂರಿದೆ. ಸ್ಕಾಟ್ಲೆಂಡಿನ ಪಡುವಣ ಕಡಲಿನಲ್ಲಿ ಅಂತಹ ದ್ವೀಪಗಳು ನೂರಾರು ಉಂಟು. ಕಲಬುರಗಿ ಸೀಮೆಯ ಪಾದಚಾರಿಗೆ ಸಮುದ್ರವು ದೂರ. ದ್ವೀಪವು ಅಷ್ಟು ದೂರವಲ್ಲ. ಆಳಂದದ ಹೊಲಗಳ ನಡುವೆ ಹರಿಯುವ ಒಂದು ಸಣ್ಣ ಹೊಳೆಯ ಜೊತೆಯಲ್ಲಿ ನಡೆಯತೊಡಗಿದರೆ, ಅದರ ನೀರೇ ಆತನನ್ನು ಕಡೆಗೊಂದು ದಿನ ದ್ವೀಪಕ್ಕೆ ಮುಟ್ಟಿಸುತ್ತದೆ.

ಆ ಹೊಳೆಯ ಹೆಸರು ಅಮರ್ಜಾ. ಆಳಂದ ತಾಲ್ಲೂಕಿನ ಕೊರಳ್ಳಿಯ ಬಳಿ ಅದಕ್ಕೊಂದು ಅಣೆಕಟ್ಟು. ಅಲ್ಲಿಂದ ಮುಂದೆ ದಾರಿಯೆಲ್ಲ ಕಪ್ಪು ಎರೆಭೂಮಿ. ಮಳೆಗಾಲದಲ್ಲಿ ಹೊರಟವನ ಕಾಲಿಗೆ ಹೆಜ್ಜೆಗೊಂದು ಮುದ್ದೆ ಮಣ್ಣು ಅಂಟಿಕೊಂಡು, ಬೆನ್ನಿನ ಹೊರೆಗಿಂತ ಪಾದದ ಹೊರೆಯೇ ಭಾರವಾಗುತ್ತದೆ. ಚೈತ್ರ ಹುಟ್ಟಿದ ಮೇಲೆ ಬಿಸಿಲು ನಡೆಯಗೊಡದು. ಮಾರ್ಗಶಿರದಿಂದ ಮಾಘದವರೆಗಿನ ಕಾಲವೇ ಲೇಸು. ಆಗ ತೊಗರಿ ಕೊಯ್ಲಿಗೆ ಬಂದಿರುತ್ತದೆ, ಬಿಳಿಜೋಳ ತೆನೆಗಟ್ಟುತ್ತಿರುತ್ತದೆ. ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು. ಹಲವು ದಿನ ಕೆಡದ, ತೂಕವಿಲ್ಲದ ಇಂತಹ ಬುತ್ತಿಯನ್ನು ಬಹುಕಾಲದ ಹಿಂದೆಯೇ ಕಂಡುಕೊಂಡ ಈ ಸೀಮೆಯ ಹೆಂಗಸರು, ಡಬ್ಬಿಗಳಲ್ಲಿ ಆಹಾರ ತುಂಬಿ ಮಾರುವ ಪರದೇಶದ ಕಾರಖಾನೆಗಳಿಗೇನೂ ಕಡಿಮೆಯವರಲ್ಲ.

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಅಮರ್ಜೆಯು ಭೀಮೆಯನ್ನು ಕೂಡುತ್ತದೆ. ಹದಿನೈದನೆಯ ಶತಮಾನದಲ್ಲಿ ನೃಸಿಂಹ ಸರಸ್ವತಿಯವರು ನೆಲೆಸಿದ್ದ ದತ್ತಕ್ಷೇತ್ರವಿದು. ಬೇರೆ ಊರುಗಳಲ್ಲಿ ಗಂಟು ಹೊತ್ತು ಬಂದ ಅಪರಿಚಿತನನ್ನು ಜನರು ಅಡಿಯಿಂದ ಮುಡಿಯವರೆಗೆ ನೋಡುವುದುಂಟು. ಇಲ್ಲಿ ಆ ಕಷ್ಟವಿಲ್ಲ. ಮಧ್ಯಾಹ್ನವಾಯಿತೆಂದರೆ ಸಿರಿವಂತ ಗೃಹಸ್ಥರೂ ಜೋಳಿಗೆ ಹಿಡಿದು ಮಧುಕರಿಗೆ ಹೊರಡುತ್ತಾರೆ. ಆ ಹೊತ್ತಿನಲ್ಲಿ ದತ್ತಾತ್ರೇಯನೂ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬುದು ಊರಿನ ನಂಬಿಕೆ. ಆದುದರಿಂದ ಬಂದವರು ಯಾರೆಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ವಿಚಾರಿಸಿದರೆ ದೇವರನ್ನೇ ಪ್ರಶ್ನಿಸಿದಂತಾದೀತು! ನಡೆದು ದಣಿದವನಿಗೆ ಇದಕ್ಕಿಂತ ಉತ್ತಮವಾದ ಆತಿಥ್ಯವು ಯಾವ ಹೋಟೆಲಿನಲ್ಲಿಯೂ ದೊರೆಯದು.

ಸಂಗಮದ ಶಾಂತಿಯನ್ನು ಕಂಡು ಭೀಮೆಯು ಸಾಧುವೆಂದು ಭಾವಿಸಬಾರದು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಹೊರಬಿದ್ದ ನೀರು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಹಳ್ಳಿಗಳನ್ನು ನುಗ್ಗಿತು. ನಿಂತ ಬೆಳೆ ನೀರುಪಾಲಾಯಿತು.

ಜೇವರ್ಗಿಯ ಸೀಮೆಯನ್ನು ಕನ್ನಡ ಓದಿದವರು ಬೇಗನೆ ದಾಟಲಾರರು. ‘ಅಖಂಡೇಶ್ವರ’ ಅಂಕಿತದಲ್ಲಿ ವಚನ ರಚಿಸಿದ ಷಣ್ಮುಖ ಶಿವಯೋಗಿಗಳು ಇಲ್ಲಿಯವರು. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದ ಕಡಕೋಳದಲ್ಲಿ ಮಡಿವಾಳಪ್ಪನವರ ಮಠವಿದೆ; ಅವರ ತತ್ತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಇಂದಿಗೂ ಇದ್ದಾರೆ. ಮುಂದೆ ನದಿಯು ಸನ್ನತಿಯನ್ನು ಬಳಸಿ, ಯಾದಗಿರಿಯನ್ನು ದಾಟಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಲೀನವಾಗುತ್ತದೆ.

ಆ ಸಂಗಮದ ಕೆಳಗೆ ಕೃಷ್ಣೆಯು ಹರಡಿಕೊಂಡು ಹಲವು ನಡುಗಡ್ಡೆಗಳನ್ನು ಸುತ್ತುವರಿಯುತ್ತದೆ. ಅವುಗಳಲ್ಲಿ ಪ್ರಸಿದ್ಧವಾದುದು ಕುರುವಪುರ. ಗಾಣಗಾಪುರದ ಯತಿಗಳಿಗೂ ಮೊದಲಿನ ದತ್ತಾವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಸ್ಥಾನವಿದು. ‘ಕುರುವ’ವೆಂದರೆ ನಡುಗಡ್ಡೆಯೆಂದೇ ಅರ್ಥ. ಅಚ್ಚಗನ್ನಡದ ಈ ಪದಕ್ಕೆ ಕಂದಾಯದ ದಫ್ತರಿನವರು ಪಾರಸಿಯ ಬಾಲ ಹಚ್ಚಿ, ದೊಡ್ಡದನ್ನು ‘ಕಲಾನ್’ ಎಂದೂ ಚಿಕ್ಕದನ್ನು ‘ಖುರ್ದ್’ ಎಂದೂ ಬರೆದುಕೊಂಡರು. ಅವೇ ಜನರ ಬಾಯಲ್ಲಿ ಕುರ್ವಕಲಾ, ಕುರ್ವಕುರ್ದಾ ಆಗಿ ಉಳಿದಿವೆ.

ರಾಯಚೂರಿನ ಕಡೆಯಿಂದ ಬರುವವರು ಆತ್ಕೂರಿನ ಬಳಿ ನದಿಗಿಳಿಯಬೇಕು. ದಾಟಿಸುವುದು ಹರಿಗೋಲು. ಬಿದಿರಿನ ಈ ದೊಡ್ಡ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಆಮೇಲೆ ಡಾಂಬರು, ಪ್ಲಾಸ್ಟಿಕ್ ಹಾಳೆಗಳು ಬಂದವು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲದ ಈ ದುಂಡುದೋಣಿಯನ್ನು ಒಂದೇ ಹುಟ್ಟಿನಿಂದ ನೇರವಾಗಿ ನಡೆಸುವ ಅಂಬಿಗನ ವಿದ್ಯೆಯು ಸಾಮಾನ್ಯವಾದುದಲ್ಲ. ಹೊಸಬನಿಗೆ ಇದೊಂದು ವಿನೋದ. ದ್ವೀಪದವರಿಗೆ ಸಂತೆಯೂ ಆಸ್ಪತ್ರೆಯೂ ಈ ಬುಟ್ಟಿಯ ಆಚೆಗೇ ಇವೆ. ಮಧ್ಯರಾತ್ರಿಯಲ್ಲಿ ಹೆರಿಗೆಯ ಬೇನೆ ಎದ್ದರೂ ಇದೇ ದಾರಿ. 2020ರ ಆಗಸ್ಟಿನಲ್ಲಿ ಇಲ್ಲಿ ಹರಿಗೋಲು ಮಗುಚಿ ಜೀವಹಾನಿಯಾಯಿತು. ಪೇಟೆಗೆಂದು ಹೊರಟ ಸಾಧಾರಣ ಜನರು ಅದರಲ್ಲಿದ್ದರು. ಸೇತುವೆ ಬೇಕೆಂಬ ಕೂಗು ಬಹಳ ಹಳೆಯದು. ಸೇತುವೆಯಾದರೆ ದ್ವೀಪದ ಸೊಗಸು ಕೆಡುವುದೆಂದು ಮರುಗುವ ಪ್ರವಾಸಿಗಳೂ ಇಲ್ಲದಿಲ್ಲ. ಅವರು ಶ್ರಾವಣದ ಒಂದು ತಿಂಗಳು ಅಲ್ಲಿ ಸಂಸಾರ ಹೂಡಿ ನೋಡುವುದು ಒಳ್ಳೆಯದು.

ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದವರು ಇಂತಹ ಬಾಳನ್ನು ಎಷ್ಟೋ ತಲೆಮಾರುಗಳ ಕಾಲ ನಡೆಸಿದರು. ಕಡೆಗೆ 36 ಜನರು ಮಾತ್ರ ಉಳಿದಾಗ, ತಮ್ಮನ್ನು ಕರೆದೊಯ್ಯಬೇಕೆಂದು ತಾವೇ ಸರ್ಕಾರಕ್ಕೆ ಬರೆದುಕೊಂಡು, 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ಇಂದು ಬೆನ್ನಿಗೆ ಚೀಲ ಕಟ್ಟಿಕೊಂಡು ಹೋಗುವವರು ಅಲ್ಲಿ ನೋಡುವುದು ಛಾವಣಿ ಬಿದ್ದ ಕಲ್ಲುಮನೆಗಳ ಸಾಲನ್ನು. ಕೃಷ್ಣೆಯ ನಡುಗಡ್ಡೆಯವರು ಹಾಗೆ ಮಾಡಿಲ್ಲ. ನೆರೆ ಬಂದಾಗಲೆಲ್ಲ ಅಧಿಕಾರಿಗಳು ದಡಕ್ಕೆ ಬರಹೇಳುತ್ತಾರೆ. ದನಕರುಗಳನ್ನೂ ಹೊಲವನ್ನೂ ಬಿಟ್ಟು ಬರಲು ಹಲವರು ಒಪ್ಪುವುದಿಲ್ಲ. ಹಟವೆನ್ನುವವರು ಹಟವೆನ್ನಲಿ, ಆ ಹಟದಿಂದಲೇ ಅಲ್ಲಿ ಇನ್ನೂ ಒಲೆ ಉರಿಯುತ್ತಿದೆ, ಪಾದಚಾರಿಗೆ ಒಂದು ಚೆಂಬು ನೀರು ಕೊಡುವವರಿದ್ದಾರೆ.

ಇಲ್ಲಿಗೆ ಬರುವವನು ಪಂಚಾಂಗವನ್ನಲ್ಲ, ಹೊಳೆಯನ್ನು ಕೇಳಿ ಬರಬೇಕು. ಮೇಲಿನ ನಾರಾಯಣಪುರ ಜಲಾಶಯದ ಬಾಗಿಲು ತೆರೆದ ಸುದ್ದಿ ಬಂದಿತೆಂದರೆ ಅಂಬಿಗನು ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕುತ್ತಾನೆ. ಮತ್ತೆ ಅದು ಮಗ್ಗುಲಾಗುವವರೆಗೆ ಈಚೆಯವರು ಈಚೆ, ಆಚೆಯವರು ಆಚೆ.