ಹುಟ್ಟಿನ ಶಕ್ತಿ ಮತ್ತು ಸಮುದಾಯದ ಭಯ: ಅಮೆರಿಕದ ಕಾಮಿಕ್ಸ್ ಕಥನಗಳಲ್ಲಿ ಅತಿಮಾನುಷ ನಾಯಕರ ಸ್ವೀಕಾರ ಮತ್ತು ನಿರಾಕರಣೆ

ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಕಟ್ಟಿಕೊಟ್ಟಿರುವ ಕಥಾಲೋಕದಲ್ಲಿ ನ್ಯೂಯಾರ್ಕ್ ನಗರ ಒಂದೇ. ಅಲ್ಲಿಯ ಜನರೂ ಅವರೇ. ಆದರೆ ಆ ಜನ ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರನ್ನು ಬೀದಿಯಲ್ಲಿ ಕಂಡರೆ ಹರ್ಷೋದ್ಗಾರ ಮಾಡುತ್ತಾರೆ. ‘ಎಕ್ಸ್-ಮೆನ್’ ತಂಡದವರನ್ನು ಕಂಡರೆ ಹೊಡೆಯಲು ಮುನ್ನುಗ್ಗುತ್ತಾರೆ. ಎರಡೂ ತಂಡಗಳು ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರ ಸೃಷ್ಟಿ. ಮೊದಲನೆಯದು 1961ರಲ್ಲಿ, ಎರಡನೆಯದು 1963ರಲ್ಲಿ ಓದುಗರ ಮುಂದೆ ಬಂದವು. ಎರಡೂ ತಂಡಗಳು ಅದೇ ಜನರನ್ನು ಅಪಾಯಗಳಿಂದ ಪಾರುಮಾಡುತ್ತವೆ. ಹೀಗಿದ್ದೂ ಒಂದಕ್ಕೆ ಸ್ವೀಕಾರ, ಇನ್ನೊಂದಕ್ಕೆ ನಿರಾಕರಣೆ. ಜನಪ್ರಿಯ ಸಾಹಿತ್ಯದ ಹಗುರ ಪ್ರಶ್ನೆಯೆಂದು ಇದನ್ನು ಬದಿಗೆ ಸರಿಸಬಹುದು. ಆದರೆ ಒಂದು ಸಮಾಜವು ತನ್ನೊಳಗೇ ‘ಅನ್ಯ’ವನ್ನು ಹೇಗೆ ಕಲ್ಪಿಸಿಕೊಳ್ಳುತ್ತದೆ ಎಂಬುದು ಇಲ್ಲಿ ಅಡಗಿರುವ ನಿಜವಾದ ಪ್ರಶ್ನೆ.

ಶಕ್ತಿಯ ಪ್ರಮಾಣವೇ ಭಯಕ್ಕೆ ಕಾರಣವೆಂಬ ಉತ್ತರ ನಿಲ್ಲುವುದಿಲ್ಲ. 1962ರಲ್ಲಿ ಮಾರ್ವೆಲ್ ಕಥೆಗಳಿಗೆ ಬಂದ ಥಾರ್ ಸಿಡಿಲಿನ ದೇವತೆ. ಅವನನ್ನು ಜನ ಅಂಜದೆ ಒಪ್ಪಿಕೊಂಡಿದ್ದಾರೆ. ರೂಪದ ವಿಕಾರವೂ ಕಾರಣವಲ್ಲ. ಫೆಂಟಾಸ್ಟಿಕ್ ಫೋರ್ ತಂಡದ ಬೆನ್ ಗ್ರಿಮ್‌ನ ಮೈಯೆಲ್ಲ ಕಿತ್ತಳೆ ಬಣ್ಣದ ಕಲ್ಲು. ಮೊದಲ ಸಂಚಿಕೆಯಲ್ಲಿ ಅವನನ್ನು ಕಂಡು ಜನ ಬೆದರುತ್ತಾರೆ, ಪೊಲೀಸರು ಗುಂಡು ಹಾರಿಸುತ್ತಾರೆ. ಆದರೆ ಆ ಬೆದರಿಕೆ ಬಹುಕಾಲ ಉಳಿಯಲಿಲ್ಲ. ಬೆನ್ ಆ ನಗರದ ಅಚ್ಚುಮೆಚ್ಚಿನ ವ್ಯಕ್ತಿಯಾದ. ಅತ್ತ ಎಕ್ಸ್-ಮೆನ್ ತಂಡದ ಜೀನ್ ಗ್ರೇ ಯಾವುದೇ ಕಾಲೇಜಿನ ತರುಣಿಯಂತೆ ಕಾಣುತ್ತಾಳೆ. ಅವಳ ಕುಲವನ್ನೇ ಜನ ದ್ವೇಷಿಸುತ್ತಾರೆ.

‘ಕುಲ’ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಲಾಗಿದೆ. ಫೆಂಟಾಸ್ಟಿಕ್ ಫೋರ್ ತಂಡದವರಿಗೆ ಶಕ್ತಿ ಬಂದದ್ದು ಬಾಹ್ಯಾಕಾಶ ಯಾನದಲ್ಲಿ ತಗುಲಿದ ಕಾಸ್ಮಿಕ್ ಕಿರಣಗಳಿಂದ, ಅದೊಂದು ಅಪಘಾತ. ಎಕ್ಸ್-ಮೆನ್ ತಂಡದವರಾದರೋ ‘ಮ್ಯೂಟೆಂಟ್’ಗಳು, ಅಂದರೆ ವಂಶವಾಹಿಯಲ್ಲಿಯೇ ಮಾರ್ಪಾಟು ಹೊತ್ತು ಹುಟ್ಟಿದವರು, ಹೆಚ್ಚಿನವರಲ್ಲಿ ಹರೆಯ ಬಂದಾಗ ಆ ಶಕ್ತಿ ಹೊರಗೆ ಕಾಣಿಸಿಕೊಳ್ಳುತ್ತದೆ. ಅಪಘಾತ ನಾಲ್ಕು ಜನರಿಗೆ ಮುಗಿಯುತ್ತದೆ. ಹುಟ್ಟು ಮುಗಿಯುವುದಿಲ್ಲ, ಅದು ನೆರೆಮನೆಯ ಮಗುವಿನಲ್ಲಿ, ಕೊನೆಗೆ ತನ್ನದೇ ಮಗುವಿನಲ್ಲಿ ಕಾಣಿಸಿಕೊಳ್ಳಬಹುದು. ಒಬ್ಬಂಟಿಯಾದ ಅಸಾಮಾನ್ಯನನ್ನು ಸಮಾಜ ವಿಸ್ಮಯವೆಂದು ಮೆರೆಸಬಲ್ಲದು. ಅದೇ ಅಸಾಮಾನ್ಯತೆ ಮುಂದಿನ ಪೀಳಿಗೆಯಾಗಿ ಬರುತ್ತದೆಂದು ತೋರಿದಾಗ ವಿಸ್ಮಯ ಭಯವಾಗುತ್ತದೆ. ಡಿಸಿ ಕಾಮಿಕ್ಸ್‌ನ ಸೂಪರ್‌ಮ್ಯಾನ್ (1938) ಹುಟ್ಟಿನಿಂದಲೇ ಪರಗ್ರಹದವನಾದರೂ ಜನರಿಗೆ ಪ್ರಿಯನಾದುದಕ್ಕೆ, ಅವನು ಅಳಿದುಹೋದ ಗ್ರಹದಿಂದ ಬಂದ ಒಂಟಿ ಕೂಸಾಗಿದ್ದುದು ಒಂದು ಕಾರಣವೆನ್ನಬಹುದು.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಎಕ್ಸ್-ಮೆನ್ ಕಥೆಗಳಲ್ಲಿಯೂ ಈ ಭಯ ಆರಂಭದಲ್ಲಿ ಇಷ್ಟು ಪ್ರಬಲವಾಗಿರಲಿಲ್ಲ. ಮೊದಲ ಸಂಚಿಕೆಯಲ್ಲಿ ಸೇನಾಧಿಕಾರಿಯೇ ಈ ತರುಣರಿಗೆ ಕೃತಜ್ಞತೆ ಹೇಳುತ್ತಾನೆ. 1964ರ ಎಂಟನೆಯ ಸಂಚಿಕೆಯ ಹೊತ್ತಿಗೆ ಚಿತ್ರ ಬದಲಾಗಿದೆ: ‘ಬೀಸ್ಟ್’ ಎಂಬ ತರುಣ ಒಬ್ಬ ಹುಡುಗನನ್ನು ಅಪಾಯದಿಂದ ಪಾರುಮಾಡುತ್ತಾನೆ, ನೆರೆದ ಜನ ಅವನ ಮೇಲೆಯೇ ಏರಿಹೋಗುತ್ತಾರೆ. ಮರುವರ್ಷ 14ನೆಯ ಸಂಚಿಕೆಯಲ್ಲಿ ಬೊಲಿವರ್ ಟ್ರಾಸ್ಕ್ ಎಂಬ ವಿದ್ವಾಂಸ, ಮ್ಯೂಟೆಂಟ್‌ಗಳು ಮನುಷ್ಯರನ್ನು ಗುಲಾಮರನ್ನಾಗಿಸುತ್ತಾರೆಂದು ಸಾರುತ್ತಾನೆ. ಪತ್ರಿಕೆಗಳು ಅದನ್ನು ಹರಡುತ್ತವೆ. ಅವರನ್ನು ಬೇಟೆಯಾಡಲೆಂದು ‘ಸೆಂಟಿನೆಲ್’ ಎಂಬ ಯಂತ್ರಮಾನವರನ್ನು ಅವನು ತಯಾರಿಸಿದ್ದಾನೆ. ಟೆಲಿವಿಷನ್ ಚರ್ಚೆಯ ನಡುವೆಯೇ ಆ ಯಂತ್ರಗಳು ಯಜಮಾನನ ವಿರುದ್ಧ ತಿರುಗಿ ಬೀಳುತ್ತವೆ. ಭಯಕ್ಕೆ ಮೊದಲು ಮಾತು, ಆಮೇಲೆ ಪತ್ರಿಕೆ, ಆಮೇಲೆ ಯಂತ್ರ ಎಂಬ ಈ ಕ್ರಮವನ್ನು ಲೀ ಮತ್ತು ಕರ್ಬಿ ಅಷ್ಟು ಬೇಗ ಗುರುತಿಸಿದ್ದರು.

ಭಯವನ್ನು ಪತ್ರಿಕೆ ಹುಟ್ಟಿಸಬಲ್ಲದೆಂಬುದಕ್ಕೆ ಸ್ಪೈಡರ್-ಮ್ಯಾನ್ (1962) ಇನ್ನೂ ಸ್ಪಷ್ಟ ನಿದರ್ಶನ. ಅವನ ಶಕ್ತಿಯೂ ಅಪಘಾತದ್ದೇ. ಆದರೆ ಅವನ ಮುಖ ಮುಸುಕಿನಲ್ಲಿದೆ, ಅವನ ಪರವಾಗಿ ಮಾತನಾಡಲು ಮನೆ ವಿಳಾಸಗಳಿಲ್ಲ. ‘ಡೈಲಿ ಬ್ಯೂಗಲ್’ ಪತ್ರಿಕೆಯ ಜೇಮ್ಸನ್ ತನ್ನ ಮಗನ ಜೀವ ಉಳಿಸಿದವನನ್ನೇ ಅಪಾಯಕಾರಿಯೆಂದು ಬರೆಯುತ್ತಾನೆ. ತನಗಿರುವುದು ಅಸೂಯೆಯೆಂದು 1964ರ ಸಂಚಿಕೆಯೊಂದರಲ್ಲಿ ತನ್ನಷ್ಟಕ್ಕೆ ಒಪ್ಪಿಕೊಳ್ಳುತ್ತಾನೆ ಕೂಡ. ಫೆಂಟಾಸ್ಟಿಕ್ ಫೋರ್ ತಂಡಕ್ಕಾದರೋ ಮುಸುಕಿಲ್ಲ. ಅವರ ಹೆಸರು, ಕಟ್ಟಡ ಎಲ್ಲರಿಗೂ ಗೊತ್ತು. 1965ರಲ್ಲಿ ರೀಡ್ ಮತ್ತು ಸೂ ಅವರ ಮದುವೆ ನಡೆದಾಗ ಅದು ಊರಿನ ಸಂಭ್ರಮವೇ ಆಗಿತ್ತು. ಸಮಾಜಕ್ಕೆ ಅವರು ಮೊದಲು ಒಂದು ಕುಟುಂಬ, ಅನಂತರ ಒಂದು ಶಕ್ತಿ.

ಈ ದಂಪತಿಗೆ 1968ರ ಕಥೆಯಲ್ಲಿ ಹುಟ್ಟಿದ ಫ್ರಾಂಕ್ಲಿನ್ ಇಲ್ಲಿ ತೊಡಕಿನ ಉದಾಹರಣೆ. ದೀರ್ಘಕಾಲ ಅವನನ್ನು ಮ್ಯೂಟೆಂಟ್ ಎಂದೇ ಪರಿಗಣಿಸಲಾಗಿತ್ತು. ಆದರೂ ಅವನ ತೊಟ್ಟಿಲ ಮುಂದೆ ಜನಜಂಗುಳಿ ಕಲ್ಲು ಹಿಡಿದು ನಿಲ್ಲಲಿಲ್ಲ. ಹುಟ್ಟಿನ ಶಕ್ತಿಯನ್ನೂ ಗೌರವಾನ್ವಿತ ಮನೆತನದ ಹೆಸರು ಮರೆಮಾಡಬಲ್ಲದು ಎಂಬುದೇ ಇದರ ತಾತ್ಪರ್ಯ.

ಎಕ್ಸ್-ಮೆನ್ ಕಥೆಗಳನ್ನು ಅಮೆರಿಕದ ಕರಿಯರ ನಾಗರಿಕ ಹಕ್ಕುಗಳ ಹೋರಾಟದ ರೂಪಕವಾಗಿ ಓದುವ ಕ್ರಮ ರೂಢಿಯಲ್ಲಿದೆ. ಆ ಓದು ತಪ್ಪಲ್ಲ, ಆದರೆ ಸಾಲದು. ವರ್ಣದ್ವೇಷಕ್ಕೆ ಗುರಿಯಾದವರ ಕಣ್ಣಿನಿಂದ ಬೆಂಕಿಯ ಕಿರಣ ಹೊರಡುವುದಿಲ್ಲ. ಮ್ಯೂಟೆಂಟ್‌ಗಳಲ್ಲಿ ಕೆಲವರು ನಿಜಕ್ಕೂ ಕಟ್ಟಡ ಉರುಳಿಸಬಲ್ಲರು. ರೂಪಕದ ಈ ಬಿರುಕನ್ನು ಮುಚ್ಚಲಾಗದು. 1982ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಬರೆದ ‘ಗಾಡ್ ಲವ್ಸ್, ಮ್ಯಾನ್ ಕಿಲ್ಸ್’ ಕೃತಿ ಮಾತ್ರ ಈ ಬಿರುಕನ್ನು ಎದುರಿಸುತ್ತದೆ. ಅದರಲ್ಲಿಯ ಧರ್ಮಬೋಧಕ ಸ್ಟ್ರೈಕರ್, ವಿಕಾರವಾಗಿ ಹುಟ್ಟಿದ ತನ್ನ ಹಸುಗೂಸನ್ನೂ ಹೆತ್ತ ಹೆಂಡತಿಯನ್ನೂ ಕೊಂದವನು. ಆ ಕೂಸು ಯಾರಿಗೂ ಏನನ್ನೂ ಮಾಡಿರಲಿಲ್ಲ. ಕಥೆ ತೆರೆದುಕೊಳ್ಳುವುದೇ ಶಾಲೆಯ ಆಟದ ಬಯಲಿನಲ್ಲಿ ಇಬ್ಬರು ಕರಿಯ ಮಕ್ಕಳ ಕೊಲೆಯಿಂದ. ಶಕ್ತಿಯ ಅಪಾಯವೆಂಬ ವಾದ ಆ ಮಕ್ಕಳ ಮುಂದೆ ನಿಲ್ಲಲಾರದು. ಉಳಿಯುವುದು ಹುಟ್ಟಿನ ಮೇಲಿನ ದ್ವೇಷವೊಂದೇ.

ಹಾಗಾದರೆ ಸ್ವೀಕೃತರು ಸುರಕ್ಷಿತರೆ? 2006–07ರ ‘ಸಿವಿಲ್ ವಾರ್’ ಕಥಾಮಾಲೆಯಲ್ಲಿ ಸ್ಟ್ಯಾಮ್‌ಫರ್ಡ್ ಪಟ್ಟಣದ ದುರಂತದ ಬಳಿಕ ಅತಿಮಾನುಷರೆಲ್ಲರ ನೋಂದಣಿಗೆ ಕಾನೂನು ಬರುತ್ತದೆ. ದೇಶದ ಆರಾಧ್ಯನಾದ ಕ್ಯಾಪ್ಟನ್ ಅಮೆರಿಕ ಅದನ್ನು ವಿರೋಧಿಸಿ ತಲೆಮರೆಸಿಕೊಳ್ಳಬೇಕಾಗುತ್ತದೆ. ಇದಕ್ಕಿಂತ ಕಟುವಾದ ಉತ್ತರ, ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ 1981ರಲ್ಲಿ ರೂಪಿಸಿದ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಕಥೆಯಲ್ಲಿದೆ. ಅದು ಚಿತ್ರಿಸುವ 2013ರ ನ್ಯೂಯಾರ್ಕ್‌ನಲ್ಲಿ ಆಳುವವು ಸೆಂಟಿನೆಲ್ ಯಂತ್ರಗಳು. ಮ್ಯೂಟೆಂಟ್‌ಗಳನ್ನು ಕೂಡಿಹಾಕಿದ ಶಿಬಿರದಲ್ಲಿ ಒಂದು ಸ್ಮಶಾನವಿದೆ. ಅಲ್ಲಿಯ ಗೋರಿಗಲ್ಲುಗಳ ಮೇಲೆ ಎಕ್ಸ್-ಮೆನ್ ತಂಡದವರ ಹೆಸರುಗಳ ಜೊತೆಗೇ ರೀಡ್, ಸೂ ಮತ್ತು ಬೆನ್ ಗ್ರಿಮ್ ಅವರ ಹೆಸರುಗಳೂ ಇವೆ. ಬೆಳೆದು ದೊಡ್ಡವನಾದ ಫ್ರಾಂಕ್ಲಿನ್ ಆ ಶಿಬಿರದ ಕೈದಿಗಳಲ್ಲಿ ಒಬ್ಬ.